ಚೀನಾದ ಮುಪ್ಪು, ಭಾರತದ ಯೌವನ: ಉದ್ದಿಮೆದಾರರು ಹಾಕಬೇಕಾದ ಲೆಕ್ಕ

ಭಾರತವು ಜನಸಂಖ್ಯೆಯಲ್ಲಿ ಚೀನಾವನ್ನು ಹಿಂದಿಕ್ಕುತ್ತಿದೆಯೆಂದು 2023ರ ಏಪ್ರಿಲ್ ತಿಂಗಳಿನಲ್ಲಿ ವಿಶ್ವಸಂಸ್ಥೆ ಪ್ರಕಟಿಸಿತು. ಅಂದಿನಿಂದ ವಾಣಿಜ್ಯ ಸಭೆಗಳಲ್ಲಿ, ಹೂಡಿಕೆದಾರರ ಸಮಾವೇಶಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: ಚೀನಾ ಮುದಿಯಾಗುತ್ತಿದೆ, ನಾವು ತರುಣರು, ಮುಂದಿನ ಕಾಲ ನಮ್ಮದೇ. ಕೇಳುವುದಕ್ಕೆ ಹಿತವಾದ ಮಾತಿದು. ಆದರೆ ಹಿತವಾದ ಮಾತಿನ ಮೇಲೆ ಬಂಡವಾಳ ಹೂಡುವ ಮುನ್ನ ಅದರ ಲೆಕ್ಕವನ್ನು ಒಮ್ಮೆ ಪರಿಶೀಲಿಸುವುದು ವ್ಯಾಪಾರಿಯ ಧರ್ಮ. ಎರಡು ದೇಶಗಳ ಜನಸಂಖ್ಯೆಯನ್ನೂ ವಯೋರಚನೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಈ ಮಾತಿನಲ್ಲಿ ಅರ್ಧದಷ್ಟು ಮಾತ್ರ ಸತ್ಯವಿದೆ ಎಂಬುದು ತಿಳಿಯುತ್ತದೆ. ಉಳಿದರ್ಧವು ವಿಶೇಷವಾಗಿ ಕರ್ನಾಟಕದ ಸಣ್ಣ ಉದ್ದಿಮೆದಾರರನ್ನು ದಾರಿ ತಪ್ಪಿಸುವಂತಹುದು ಎಂಬುದು ಈ ಲೇಖನದ ಅಭಿಪ್ರಾಯ.

ಅಂಕಿಗಳು ಹೇಳುವುದೇನು?

ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಪ್ರಕಾರ ಆ ವರ್ಷದ ಮಧ್ಯಭಾಗದಲ್ಲಿ ಭಾರತದ ಜನಸಂಖ್ಯೆ 142.86 ಕೋಟಿ, ಚೀನಾದ್ದು 142.57 ಕೋಟಿ. ಒಟ್ಟು ಸಂಖ್ಯೆಯಲ್ಲಿ ವ್ಯತ್ಯಾಸ ಕೂದಲೆಳೆಯಷ್ಟು. ಅದೇ ವರದಿಯಲ್ಲಿ ವಯಸ್ಸಿನ ವಿಂಗಡಣೆಯೂ ಇದೆ. ಭಾರತದಲ್ಲಿ 14 ವರ್ಷದವರೆಗಿನ ಮಕ್ಕಳು ಶೇ. 25, ಚೀನಾದಲ್ಲಿ ಶೇ. 17. ಭಾರತದಲ್ಲಿ 65 ದಾಟಿದವರು ಶೇ. 7, ಚೀನಾದಲ್ಲಿ ಶೇ. 14. ಇನ್ನು ಉದ್ಯಮಕ್ಕೆ ನೇರವಾಗಿ ಸಂಬಂಧಿಸಿದ 15ರಿಂದ 64ರವರೆಗಿನ ದುಡಿಯುವ ವಯಸ್ಸಿನವರ ಪ್ರಮಾಣ? ಭಾರತದಲ್ಲಿ ಶೇ. 68, ಚೀನಾದಲ್ಲಿ ಶೇ. 69.

ಕಡೆಯ ಎರಡು ಅಂಕಿಗಳನ್ನು ಓದುಗರು ಇನ್ನೊಮ್ಮೆ ಗಮನಿಸಬೇಕು. ಮುದಿಯಾಯಿತೆಂದು ನಾವು ಹೇಳುವ ದೇಶದಲ್ಲಿಯೂ ದುಡಿಯುವ ವಯಸ್ಸಿನವರ ಪ್ರಮಾಣ ನಮ್ಮಲ್ಲಿರುವಷ್ಟೇ ಇದೆ. ಹಾಗಾದರೆ ಅಂತರವೆಲ್ಲಿದೆ? ಅಂತರವಿರುವುದು ದಿಕ್ಕಿನಲ್ಲಿ. ಚೀನಾದ ದುಡಿಮೆಗಾರರಲ್ಲಿ ದೊಡ್ಡ ಪಾಲು ನಿವೃತ್ತಿಯ ಬಾಗಿಲ ಬಳಿ ನಿಂತಿದೆ. ನಮ್ಮವರಲ್ಲಿ ದೊಡ್ಡ ಪಾಲು ಉದ್ಯೋಗದ ಬಾಗಿಲ ಬಳಿ ನಿಂತಿದೆ. ದೇಶದ ಜನರನ್ನೆಲ್ಲ ವಯಸ್ಸಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನ ವಯಸ್ಸು ಭಾರತದಲ್ಲಿ ಸುಮಾರು 28, ಚೀನಾದಲ್ಲಿ 39ಕ್ಕೂ ಮೇಲೆ. ಭಾರತದಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಮಕ್ಕಳು ಜನಿಸುತ್ತಿದ್ದರೆ, ಚೀನಾದಲ್ಲಿ 2024ರಲ್ಲಿ ಜನಿಸಿದ್ದು 95.4 ಲಕ್ಷ. ಅದೇ ವರ್ಷ ಅಲ್ಲಿ ತೀರಿಕೊಂಡವರು 1.09 ಕೋಟಿ. 2022ರಲ್ಲಿ ಚೀನಾದ ಜನಸಂಖ್ಯೆ ಆರು ದಶಕಗಳ ನಂತರ ಮೊದಲ ಬಾರಿಗೆ ಇಳಿಯಿತು. ಆ ಬಳಿಕ ಅದು ಇಳಿಯುತ್ತಲೇ ಬಂದಿದೆ.

ಎರಡು ದಾರಿಗಳು

ಈ ಸ್ಥಿತಿಗೆ ಎರಡು ದೇಶಗಳು ಬಂದ ದಾರಿಗಳು ಬೇರೆ ಬೇರೆ. ಭಾರತವು 1952ರಲ್ಲಿಯೇ ಸರ್ಕಾರಿ ಮಟ್ಟದ ಕುಟುಂಬ ಯೋಜನಾ ಕಾರ್ಯಕ್ರಮವನ್ನು ಆರಂಭಿಸಿತು. ತುರ್ತುಪರಿಸ್ಥಿತಿಯ ಕಾಲದ ಬಲವಂತದ ಶಸ್ತ್ರಚಿಕಿತ್ಸೆಗಳ ಕಹಿ ಅನುಭವದ ನಂತರ, ಒತ್ತಾಯದ ಮಾರ್ಗವನ್ನು ಬಿಟ್ಟು ನಿಧಾನವಾಗಿ ಮುಂದುವರಿಯಿತು. ಒಬ್ಬ ಮಹಿಳೆ ತನ್ನ ಜೀವಿತಕಾಲದಲ್ಲಿ ಹೆರುವ ಮಕ್ಕಳ ಸರಾಸರಿ ಸಂಖ್ಯೆಯನ್ನು ಒಟ್ಟು ಫಲವಂತಿಕೆಯ ದರ ಎನ್ನುತ್ತಾರೆ. ಇದು 2.1 ಇದ್ದರೆ ಒಂದು ತಲೆಮಾರಿನ ಜಾಗವನ್ನು ಅಷ್ಟೇ ಸಂಖ್ಯೆಯ ಮುಂದಿನ ತಲೆಮಾರು ತುಂಬುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಈ ದರ 1992-93ರಲ್ಲಿ 3.4 ಇದ್ದದ್ದು 2019-21ರ ವೇಳೆಗೆ 2.0ಕ್ಕೆ ಇಳಿಯಿತು.

ಚೀನಾದಲ್ಲಿ ಇಳಿಕೆ ಬಹು ಬೇಗ ಆಯಿತು. 1970ರ ಸುಮಾರಿಗೆ 6ರ ಸಮೀಪವಿದ್ದ ದರ ಆ ದಶಕ ಮುಗಿಯುವ ಮೊದಲೇ 3ಕ್ಕಿಂತ ಕೆಳಗಿಳಿದಿತ್ತು. ತಡವಾಗಿ ಮದುವೆ, ಹೆರಿಗೆಗಳ ನಡುವೆ ಹೆಚ್ಚು ಅಂತರ, ಕಡಿಮೆ ಮಕ್ಕಳು ಎಂಬ ಪ್ರಚಾರಾಂದೋಲನದ ಫಲ ಅದು. ಒಂದೇ ಮಗುವೆಂಬ ಕಟ್ಟುಪಾಡು ದೇಶವ್ಯಾಪಿಯಾಗಿ ಬಂದದ್ದು 1980ರಲ್ಲಿ, ಅಂದರೆ ಇಳಿಕೆಯ ಬಹುಪಾಲು ಮುಗಿದ ಮೇಲೆ. 2016ರಲ್ಲಿ ಎರಡು ಮಕ್ಕಳಿಗೆ, 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ದೊರೆತರೂ 2020ರ ಜನಗಣತಿಯ ವೇಳೆಗೆ ದರ 1.3ಕ್ಕೆ ಕುಸಿದಿತ್ತು. 2016ರಲ್ಲಿ 1.7 ಕೋಟಿಗೂ ಮೀರಿದ್ದ ಜನನಗಳು 2023ರಲ್ಲಿ 90.2 ಲಕ್ಷಕ್ಕೆ ಇಳಿದವು. ಜನನ ಪ್ರಮಾಣವನ್ನು ಇಳಿಸುವುದು ಸರ್ಕಾರಗಳಿಗೆ ಸಾಧ್ಯ. ಇಳಿದದ್ದನ್ನು ಮತ್ತೆ ಏರಿಸುವುದು ಬಹು ಕಷ್ಟ. ದಕ್ಷಿಣದ ರಾಜ್ಯಗಳು ಹೆಚ್ಚು ಮಕ್ಕಳನ್ನು ಪಡೆಯಬೇಕೆಂದು 2024ರಿಂದ ಕೆಲವು ರಾಜಕೀಯ ನಾಯಕರು ಹೇಳುತ್ತಿರುವುದನ್ನು ಕೇಳುವಾಗ ಚೀನಾದ ಈ ಅನುಭವ ನೆನಪಿನಲ್ಲಿರಬೇಕು.

ಲಾಭಾಂಶ ತಾನಾಗಿ ಬರುವುದಿಲ್ಲ

ಅರ್ಥಶಾಸ್ತ್ರಜ್ಞರು ಬಳಸುವ 'ಜನಸಂಖ್ಯಾ ಲಾಭಾಂಶ' ಎಂಬ ಮಾತಿನ ತಿರುಳು ಸರಳ. ಒಂದು ಮನೆಯಲ್ಲಿ ದುಡಿಯುವ ಕೈಗಳು ಹೆಚ್ಚಿದ್ದು ಕೂತು ಉಣ್ಣುವ ಬಾಯಿಗಳು ಕಡಿಮೆಯಿದ್ದರೆ ಉಳಿತಾಯವಾಗುತ್ತದೆ. ಆ ಉಳಿತಾಯದಿಂದ ಮನೆಯವರು ಹೊಲ ಕೊಳ್ಳಬಹುದು, ಅಂಗಡಿ ಹಾಕಬಹುದು. ದೇಶದ ಮಟ್ಟದಲ್ಲಿಯೂ ಹೀಗೆಯೇ. ಆದರೆ ಆ ಕೈಗಳಿಗೆ ಕೆಲಸವಿದ್ದು, ಕೆಲಸ ಬಲ್ಲ ಕೈಗಳೂ ಆಗಿದ್ದರೆ ಮಾತ್ರ ಈ ಲಾಭ ಕೈಗೆ ಹತ್ತುತ್ತದೆ. ಇಲ್ಲವಾದರೆ ದುಡಿಯುವ ವಯಸ್ಸಿನವರು ಕೂಡ ಉಣ್ಣುವ ಬಾಯಿಗಳ ಲೆಕ್ಕಕ್ಕೇ ಸೇರುತ್ತಾರೆ.

ಚೀನಾ ತನ್ನ ಅವಧಿಯನ್ನು ಹೇಗೆ ಬಳಸಿಕೊಂಡಿತು? ಮೊದಲನೆಯದು ಓದುಬರಹ. 1982ರ ಅಲ್ಲಿನ ಜನಗಣತಿಯಲ್ಲಿ ವಯಸ್ಕರಲ್ಲಿ ಮೂರನೆಯ ಎರಡು ಭಾಗದಷ್ಟು ಜನ ಅಕ್ಷರಸ್ಥರಾಗಿದ್ದರು; ನಮ್ಮ 1981ರ ಜನಗಣತಿಯಲ್ಲಿ 7 ವರ್ಷ ಮೇಲ್ಪಟ್ಟವರಲ್ಲಿ ಸಾಕ್ಷರರು ಶೇ. 44ನ್ನು ಮುಟ್ಟಿರಲಿಲ್ಲ. ಕಾರ್ಖಾನೆಗಳು ಬರುವ ಮೊದಲೇ ಅಲ್ಲಿ ಸೂಚನಾಪತ್ರ ಓದಬಲ್ಲ ಕಾರ್ಮಿಕನಿದ್ದ. ಎರಡನೆಯದು ತಯಾರಿಕೆಯ ನೆಲೆಗಳು. 1980ರಲ್ಲಿ ಷೆನ್‌ಜೆನ್ ಮೊದಲಾದ ವಿಶೇಷ ಆರ್ಥಿಕ ವಲಯಗಳು ಆರಂಭವಾದವು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಘಟನೆಯನ್ನು ಸೇರಿತು. ಮೂರನೆಯದು ಹೊಲದಿಂದ ಕಾರ್ಖಾನೆಗೆ ನಡೆದ ವರ್ಗಾವಣೆ. 1978ರಲ್ಲಿ ಅಲ್ಲಿನ ದುಡಿಮೆಗಾರರಲ್ಲಿ ಶೇ. 70ರಷ್ಟು ಜನ ಕೃಷಿಯಲ್ಲಿದ್ದರು. ಇತ್ತೀಚಿನ ವರ್ಷಗಳಲ್ಲಿ ಅದು ಕಾಲುಭಾಗಕ್ಕಿಂತ ಕಡಿಮೆ. ನಾಲ್ಕನೆಯದು ಮಹಿಳೆಯರ ದುಡಿಮೆ. ಕಾರ್ಖಾನೆಯ ಸಾಲುಗಳಲ್ಲಿ ಕುಳಿತು ಆಟಿಕೆ, ಉಡುಪು, ವಿದ್ಯುನ್ಮಾನ ವಸ್ತುಗಳನ್ನು ಜೋಡಿಸಿದವರಲ್ಲಿ ಹಳ್ಳಿಯಿಂದ ಬಂದ ತರುಣಿಯರ ಪಾಲು ದೊಡ್ಡದು.

ಇದಕ್ಕೆ ಹೋಲಿಸಿದರೆ ನಮ್ಮ ಸ್ಥಿತಿ ಹೇಗಿದೆ? ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ 2023-24ರ ಅಂಕಿಗಳಂತೆ ನಮ್ಮ ದುಡಿಮೆಗಾರರಲ್ಲಿ ಶೇ. 46ರಷ್ಟು ಜನ ಇನ್ನೂ ಕೃಷಿಯಲ್ಲಿದ್ದಾರೆ. ತಯಾರಿಕಾ ವಲಯದಲ್ಲಿರುವವರು ಶೇ. 11ರ ಆಸುಪಾಸು. 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಮೆಯಲ್ಲಿ ತೊಡಗಿದವರು ಅಥವಾ ಕೆಲಸ ಹುಡುಕುತ್ತಿರುವವರು 2017-18ರಲ್ಲಿ ಶೇ. 23 ಇದ್ದದ್ದು 2023-24ರಲ್ಲಿ ಶೇ. 41.7ಕ್ಕೆ ಏರಿದೆ. ಇದು ಸಮಾಧಾನದ ಸಂಗತಿಯೇ. ಆದರೆ ಈ ಏರಿಕೆಯಲ್ಲಿ ದೊಡ್ಡ ಪಾಲು ಹಳ್ಳಿಗಳಲ್ಲಿ ಸ್ವಂತ ದುಡಿಮೆ ಹಾಗೂ ಮನೆಯ ಕಸುಬಿನಲ್ಲಿ ಸಂಬಳವಿಲ್ಲದ ನೆರವಿನ ರೂಪದಲ್ಲಿದೆ. ಚೀನಾದಲ್ಲಿ ಈ ಪ್ರಮಾಣ ಶೇ. 60ರ ಸುಮಾರಿನಲ್ಲಿದೆ. ಅಲ್ಲಿನ ತಲಾ ವರಮಾನ ನಮ್ಮದಕ್ಕಿಂತ ಸುಮಾರು ಐದು ಪಟ್ಟು ಇರುವುದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಇದೂ ಒಂದು.

ಚೀನಾ ಮುಗಿಯಿತೆಂಬ ಭ್ರಮೆ ಬೇಡ

ಚೀನಾದ ಲಾಭಾಂಶದ ಕಾಲ ಕೊನೆಗೊಂಡದ್ದು ನಿಜ. 2012ರಲ್ಲಿ ಅಲ್ಲಿನ 15ರಿಂದ 59ರ ವಯೋಮಾನದವರ ಸಂಖ್ಯೆ ಮೊದಲ ಬಾರಿಗೆ ಇಳಿಯಿತು. ಒಂದೇ ವರ್ಷದಲ್ಲಿ 34.5 ಲಕ್ಷದಷ್ಟು ಕಡಿಮೆಯಾಯಿತು. ಹಳ್ಳಿಯಿಂದ ದುಡಿಯಲು ಹೊರಟ ವಲಸೆ ಕಾರ್ಮಿಕರ ಸರಾಸರಿ ವಯಸ್ಸು 2008ರಲ್ಲಿ 34 ಇದ್ದದ್ದು 2023ರಲ್ಲಿ 43ನ್ನು ದಾಟಿತು. 2023ರೊಂದರಲ್ಲೇ ಶಿಶುವಿಹಾರಗಳ ಸಂಖ್ಯೆ 14 ಸಾವಿರಕ್ಕೂ ಹೆಚ್ಚು ಕಡಿಮೆಯಾಯಿತು. 2024ರ ಕೊನೆಯಲ್ಲಿ 60 ದಾಟಿದವರು 31 ಕೋಟಿ, ಅಂದರೆ ಜನಸಂಖ್ಯೆಯ ಶೇ. 22. ನಿವೃತ್ತಿ ವಯಸ್ಸನ್ನು ಏರಿಸುವ ನಿರ್ಧಾರವನ್ನು ಅಲ್ಲಿನ ಸರ್ಕಾರ ಬಹುಕಾಲ ಮುಂದೂಡುತ್ತ ಬಂದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಕೊನೆಗೂ ಆ ತೀರ್ಮಾನ ಕೈಗೊಂಡಿತು. 2025ರ ಜನವರಿಯಿಂದ 15 ವರ್ಷಗಳ ಅವಧಿಯಲ್ಲಿ ಪುರುಷರ ನಿವೃತ್ತಿ ವಯಸ್ಸು 60ರಿಂದ 63ಕ್ಕೆ, ಕಾರ್ಖಾನೆಯ ಮಹಿಳೆಯರದು 50ರಿಂದ 55ಕ್ಕೆ, ಕಚೇರಿ ಕೆಲಸದ ಮಹಿಳೆಯರದು 55ರಿಂದ 58ಕ್ಕೆ ಹಂತಹಂತವಾಗಿ ಏರಲಿದೆ.

ಆದರೆ ಇದರಿಂದ ಚೀನಾದ ಕಾರ್ಖಾನೆಗಳು ತಾವಾಗಿ ನಮ್ಮ ಕೈಗಾರಿಕಾ ವಸಾಹತುಗಳಿಗೆ ಬಂದು ಇಳಿಯುತ್ತವೆ ಎಂದು ಭಾವಿಸುವುದು ತಪ್ಪು. 2024ರ ಕೊನೆಯಲ್ಲಿಯೂ ಅಲ್ಲಿ 16ರಿಂದ 59ರ ವಯಸ್ಸಿನವರು 85 ಕೋಟಿಗೂ ಹೆಚ್ಚಿದ್ದರು. ಕೈಗಳು ಕಡಿಮೆಯಾಗುವುದನ್ನು ಮುಂಚಿತವಾಗಿ ಕಂಡ ಅಲ್ಲಿನ ತಯಾರಕರು ಆ ಜಾಗದಲ್ಲಿ ಯಂತ್ರಗಳನ್ನು ನಿಲ್ಲಿಸುತ್ತ ಬಂದಿದ್ದಾರೆ. ಅಂತರರಾಷ್ಟ್ರೀಯ ರೋಬಾಟಿಕ್ಸ್ ಒಕ್ಕೂಟದ ಅಂಕಿಗಳಂತೆ 2023ರಲ್ಲಿ ಚೀನಾದಲ್ಲಿ ಹೊಸದಾಗಿ ಅಳವಡಿಸಲಾದ ಕೈಗಾರಿಕಾ ರೋಬಾಟ್‌ಗಳು 2.76 ಲಕ್ಷ, ಅಂದರೆ ಜಗತ್ತಿನ ಒಟ್ಟು ಅಳವಡಿಕೆಯ ಅರ್ಧಕ್ಕೂ ಹೆಚ್ಚು. ಅದೇ ವರ್ಷ ಭಾರತದಲ್ಲಿ ಅಳವಡಿಸಿದ್ದು 8,510. ಮುದಿಯಾಗುತ್ತಿರುವ ನೆರೆಯವನು ಸುಮ್ಮನೆ ಕುಳಿತಿಲ್ಲ. ಅವನೊಡನೆ ಕೇವಲ ಅಗ್ಗದ ಕೂಲಿಯ ಬಲದಿಂದ ಸ್ಪರ್ಧಿಸುವ ಕಾಲ ದಾಟುತ್ತಿದೆ.

ನಮ್ಮ ಗಡಿಯಾರ ಎಷ್ಟು ಹಿಂದಿದೆ?

ಎರಡು ದೇಶಗಳ ವೃದ್ಧರ ಪ್ರಮಾಣವನ್ನು ಹೋಲಿಸಿದರೆ ನಮಗೆ ಉಳಿದಿರುವ ಅವಧಿಯ ಒಂದು ಅಂದಾಜು ಸಿಗುತ್ತದೆ. ಚೀನಾದಲ್ಲಿ 60 ದಾಟಿದವರ ಪ್ರಮಾಣ 2000ದ ಜನಗಣತಿಯಲ್ಲಿ ಶೇ. 10.3 ಇತ್ತು. ಭಾರತದಲ್ಲಿ ಇದು 2011ರ ಜನಗಣತಿಯಲ್ಲಿ ಶೇ. 8.6, ಕೇಂದ್ರ ಸರ್ಕಾರದ ತಾಂತ್ರಿಕ ತಂಡದ ಮುನ್ನಂದಾಜಿನಂತೆ 2021ಕ್ಕೆ ಶೇ. 10. ಅದೇ ತಂಡದ ಪ್ರಕಾರ 2036ಕ್ಕೆ ಭಾರತದಲ್ಲಿ ಇದು ಶೇ. 15ರ ಸಮೀಪಕ್ಕೆ ಬರುತ್ತದೆ. ಚೀನಾ ಆ ಮಟ್ಟವನ್ನು 2014ರ ವೇಳೆಗೆ ಮುಟ್ಟಿತ್ತು. ಎರಡೂ ಲೆಕ್ಕಗಳಿಂದ ನಾವು ಚೀನಾಕ್ಕಿಂತ ಇಪ್ಪತ್ತೊಂದು, ಇಪ್ಪತ್ತೆರಡು ವರ್ಷ ಹಿಂದಿದ್ದೇವೆ.

ವಿಶ್ವ ವ್ಯಾಪಾರ ಸಂಘಟನೆಯನ್ನು ಸೇರಿದಾಗ ಚೀನಾ ವಯಸ್ಸಿನ ಯಾವ ಮೆಟ್ಟಿಲ ಮೇಲಿತ್ತೋ ಆ ಮೆಟ್ಟಿಲನ್ನು ನಾವು 2021ರಲ್ಲಿ ಏರಿದ್ದೇವೆ. ಜಗತ್ತಿನ ಕಾರ್ಖಾನೆ ಎಂಬ ಹೆಸರನ್ನು ಚೀನಾ ಗಟ್ಟಿಮಾಡಿಕೊಂಡದ್ದು ಅಲ್ಲಿಂದ ಮುಂದಿನ ಒಂದು ದಶಕದಲ್ಲಿ. ನಮಗೂ ಆ ಅವಕಾಶ ಇದೆ. ಆದರೆ ಆ ಅವಧಿಯ ಮೊದಲ ವರ್ಷಗಳು ಆಗಲೇ ಕಳೆದಿವೆ. 2021ರಲ್ಲಿ ನಡೆಯಬೇಕಾಗಿದ್ದ ನಮ್ಮ ಜನಗಣತಿಯೇ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಆಧಾರ ದಿನಾಂಕವೆಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಬಿತ್ತು. ಇಷ್ಟು ದೊಡ್ಡ ಬದಲಾವಣೆಯ ನಡುವೆ ಇಡೀ ದೇಶ 2011ರ ಎಣಿಕೆಯನ್ನೇ ಆಧರಿಸಿ ಯೋಜನೆ ಹಾಕುತ್ತ ಬಂದಿದೆ ಎಂಬುದು ಚಿಂತಿಸಬೇಕಾದ ವಿಷಯ.

ದೇಶದ ಸರಾಸರಿ ಕರ್ನಾಟಕದ ಸರಾಸರಿಯಲ್ಲ

ಇಲ್ಲಿಯವರೆಗೆ ಹೇಳಿದ್ದು ದೇಶದ ಮಾತು. ಆದರೆ ನಮ್ಮ ಸದಸ್ಯರು ಕಾರ್ಖಾನೆ ನಡೆಸುವುದು ಸರಾಸರಿ ಭಾರತದಲ್ಲಲ್ಲ, ಕರ್ನಾಟಕದಲ್ಲಿ. ಇಲ್ಲಿನ ಲೆಕ್ಕವೇ ಬೇರೆ. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಫಲವಂತಿಕೆಯ ದರ 2005-06ರಲ್ಲಿಯೇ 2.1ಕ್ಕೆ ಇಳಿದಿತ್ತು, 2019-21ರ ಸಮೀಕ್ಷೆಯಲ್ಲಿ ಅದು 1.7. ಅದೇ ಸಮೀಕ್ಷೆಯಲ್ಲಿ ಬಿಹಾರದ್ದು 3.0, ಉತ್ತರ ಪ್ರದೇಶದ್ದು 2.4. ಚೀನಾದ ದರ 2.1ರ ಕೆಳಗೆ ಹೋದದ್ದು 1990ರ ದಶಕದ ಆರಂಭದಲ್ಲಿ. ಅಂದರೆ ಈ ಅಳತೆಯಲ್ಲಿ ಕರ್ನಾಟಕ ಚೀನಾಕ್ಕಿಂತ ಸುಮಾರು ಹದಿನೈದು ವರ್ಷ ಮಾತ್ರ ಹಿಂದಿದೆ. ನೆರೆಯ ಕೇರಳವಂತೂ ಯಾವ ಒತ್ತಾಯವೂ ಇಲ್ಲದೆ, ಹೆಣ್ಣುಮಕ್ಕಳ ಓದು ಮತ್ತು ಆರೋಗ್ಯ ಸೇವೆಯ ಬಲದಿಂದ 1980ರ ದಶಕದ ಕೊನೆಗೇ ಆ ಮಟ್ಟವನ್ನು ಮುಟ್ಟಿತ್ತು.

ಇನ್ನೂ ನೇರವಾದ ಲೆಕ್ಕವೊಂದಿದೆ. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ 5.28 ಕೋಟಿಯಿಂದ 6.11 ಕೋಟಿಗೆ ಏರಿತು. ಆದರೆ 6 ವರ್ಷದವರೆಗಿನ ಮಕ್ಕಳ ಸಂಖ್ಯೆ ಏರಲಿಲ್ಲ. ಎರಡೂ ಗಣತಿಗಳಲ್ಲಿ ಅದು 72 ಲಕ್ಷದ ಒಳಗೇ ನಿಂತಿತು. 2001ರ ಆ ಮಕ್ಕಳು 2016ರಲ್ಲಿ 15ರಿಂದ 21 ವರ್ಷದವರಾದರು. 2011ರ ಮಕ್ಕಳು 2026ರಲ್ಲಿ ಅದೇ ವಯಸ್ಸಿಗೆ ಬರುತ್ತಾರೆ. ಹೊರಗಿನಿಂದ ಬಂದವರನ್ನು ಬಿಟ್ಟರೆ, ಕೆಲಸಕ್ಕೆ ಸೇರುವ ವಯಸ್ಸಿಗೆ ಬರುವ ಕನ್ನಡ ನಾಡಿನ ಮಕ್ಕಳ ಸಂಖ್ಯೆ ಹತ್ತು ವರ್ಷಗಳಲ್ಲಿ ಒಂದಿಷ್ಟೂ ಹೆಚ್ಚಿಲ್ಲ. ಈ ಮಕ್ಕಳಲ್ಲಿ ಕಾಲೇಜು ಮೆಟ್ಟಿಲೇರುವವರ ಪಾಲು ಮೂರನೆಯ ಒಂದು ಭಾಗವನ್ನು ದಾಟಿದೆ. ಅವರು ಲೇತಿನ ಮುಂದೆಯೋ ಕುಲುಮೆಯ ಮುಂದೆಯೋ ನಿಲ್ಲಲು ಬಯಸುವುದು ಕಡಿಮೆ. ಕಾರ್ಖಾನೆಯ ಬಾಗಿಲಲ್ಲಿ 'ಕೆಲಸಗಾರರು ಬೇಕಾಗಿದ್ದಾರೆ' ಎಂಬ ಫಲಕ ತಿಂಗಳುಗಟ್ಟಲೆ ತೂಗುವುದರ ಹಿಂದಿನ ಕಾರಣ ಇಂದಿನ ತರುಣರ ಸೋಮಾರಿತನವಲ್ಲ. ಇಪ್ಪತ್ತು ವರ್ಷದ ಹಿಂದಿನ ತೊಟ್ಟಿಲುಗಳ ಲೆಕ್ಕ.

ಈ ಕೊರತೆಯನ್ನು ಇದುವರೆಗೆ ನಾವು ವಲಸೆ ಕಾರ್ಮಿಕರಿಂದ ತುಂಬಿಕೊಂಡಿದ್ದೇವೆ. ಕಟ್ಟಡ ಕಾಮಗಾರಿಗಳಲ್ಲಿ, ಪೀಣ್ಯದ ಎಂಜಿನಿಯರಿಂಗ್ ಘಟಕಗಳಲ್ಲಿ, ಹೋಟೆಲುಗಳಲ್ಲಿ ಬಿಹಾರ, ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳದವರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಅಸ್ಸಾಮಿನವರು. 2020ರ ಲಾಕ್‌ಡೌನ್ ಕಾಲದಲ್ಲಿ ಇವರು ಊರಿಗೆ ಹಿಂದಿರುಗಿದಾಗ ನಮ್ಮ ಎಷ್ಟು ಕೆಲಸಗಳು ಇವರನ್ನು ಅವಲಂಬಿಸಿವೆಯೆಂಬುದು ಎಲ್ಲರಿಗೂ ಅರಿವಾಯಿತು. ಆದರೆ ಆ ಚಿಲುಮೆಯೂ ಬತ್ತದ್ದಲ್ಲ. 2005-06ರಿಂದ 2019-21ರವರೆಗೆ ಬಿಹಾರದ ದರ 4.0ರಿಂದ 3.0ಕ್ಕೆ, ಉತ್ತರ ಪ್ರದೇಶದ್ದು 3.8ರಿಂದ 2.4ಕ್ಕೆ ಇಳಿದಿದೆ. ಆ ರಾಜ್ಯಗಳಲ್ಲೂ ಕಾರ್ಖಾನೆಗಳು ಬೆಳೆದಾಗ, ಊರಿನಲ್ಲೇ ಕೂಲಿ ಸಿಕ್ಕಾಗ, ಎರಡು ದಿನ ರೈಲಿನಲ್ಲಿ ಕುಳಿತು ಬರುವವರ ಸಂಖ್ಯೆ ಕಡಿಮೆಯಾಗುವುದು ಸಹಜ. ಚೀನಾದ ಕರಾವಳಿಯ ಕಾರ್ಖಾನೆಗಳಿಗೆ ಒಳನಾಡಿನ ಪ್ರಾಂತ್ಯಗಳಿಂದ ಬರುತ್ತಿದ್ದ ಕಾರ್ಮಿಕರ ವಿಷಯದಲ್ಲಿಯೂ ಹೀಗೆಯೇ ಆಯಿತು.

ಒಂದು ಆಕ್ಷೇಪಕ್ಕೆ ಉತ್ತರ

ಓದು ಮುಗಿಸಿದ ಲಕ್ಷಾಂತರ ಯುವಕರು ಕೆಲಸವಿಲ್ಲದೆ ಅಲೆಯುತ್ತಿರುವಾಗ ಕಾರ್ಮಿಕರ ಕೊರತೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆ ನ್ಯಾಯವಾದುದೇ. ಆದರೆ ಎರಡೂ ಸಂಗತಿಗಳು ಒಟ್ಟಿಗೆ ನಿಜವಾಗಿರಲು ಸಾಧ್ಯ. ಪದವಿ ಪಡೆದವನಿಗೆ ಪದವಿಗೆ ತಕ್ಕ ಕೆಲಸವಿಲ್ಲ. ಕೆಲಸವಿರುವ ಕಡೆ ಆ ಕಸುಬು ಬಲ್ಲವನಿಲ್ಲ. ಚೀನಾದಲ್ಲಿಯೂ ಕೈಗಳು ಕಡಿಮೆಯಾಗುತ್ತಿರುವ ಕಾಲದಲ್ಲೇ ಪದವೀಧರ ಯುವಕರ ನಿರುದ್ಯೋಗ ಏರಿರುವುದನ್ನು ಗಮನಿಸಬೇಕು. ಜನರ ಸಂಖ್ಯೆಯಷ್ಟೇ ಸಾಲದು, ಸಂಖ್ಯೆಯ ಜೊತೆಗೆ ಕಸುಬು ಸೇರಬೇಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಇದರಲ್ಲಿ ನಮ್ಮ ಪಾಲಿನ ಹೊಣೆಯೂ ಇದೆ. ಕಲಿಸಲು ಸಮಯವಿಲ್ಲ, ಕಲಿತವನನ್ನೇ ಕಳುಹಿಸಿ ಎಂದು ಪ್ರತಿ ಘಟಕವೂ ಹೇಳುತ್ತ ಹೋದರೆ ಕಲಿತವನು ಬರುವುದಾದರೂ ಎಲ್ಲಿಂದ?

ಸಣ್ಣ ಉದ್ದಿಮೆ ಏನು ಮಾಡಬಹುದು?

ಮೊದಲನೆಯದಾಗಿ, ಪ್ರತಿಯೊಂದು ಘಟಕವೂ ತನ್ನ ಹಾಜರಿ ಪುಸ್ತಕವನ್ನು ತೆರೆದು ಕೆಲಸಗಾರರ ವಯಸ್ಸಿನ ಪಟ್ಟಿ ಮಾಡಬೇಕು. ಮುಂದಿನ ಹತ್ತು ವರ್ಷದಲ್ಲಿ ನಿವೃತ್ತರಾಗುವವರೆಷ್ಟು, ಅವರಲ್ಲಿ ಡೈ ಕೂಡಿಸಬಲ್ಲ, ಯಂತ್ರದ ಸದ್ದಿನಿಂದಲೇ ದೋಷ ಹೇಳಬಲ್ಲ ಹಿರಿಯರೆಷ್ಟು, ಅವರ ಕೈಕೆಳಗೆ ಕಲಿಯುತ್ತಿರುವ ಕಿರಿಯರೆಷ್ಟು ಎಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ. ಸರಕಿನ ದಾಸ್ತಾನು ಎಣಿಸುವ ನಾವು ಕೌಶಲದ ದಾಸ್ತಾನನ್ನು ಎಣಿಸುವುದಿಲ್ಲ. 58 ತುಂಬಿದೆಯೆಂಬ ಒಂದೇ ಕಾರಣಕ್ಕೆ ಒಳ್ಳೆಯ ಕಸುಬುದಾರನನ್ನು ಮನೆಗೆ ಕಳುಹಿಸುವ ಬದಲು, ಅರ್ಧ ಪಾಳಿಯ ಮೇಲಾದರೂ ಕಲಿಸುವ ಕೆಲಸಕ್ಕೆ ಉಳಿಸಿಕೊಳ್ಳುವುದು ಲಾಭಕರ.

ಎರಡನೆಯದು ಅಪ್ರೆಂಟಿಸ್ ವ್ಯವಸ್ಥೆ. 1961ರ ಅಪ್ರೆಂಟಿಸ್ ಕಾಯ್ದೆಯನ್ನು ನಮ್ಮಲ್ಲಿ ಹಲವರು ದೊಡ್ಡ ಕಾರ್ಖಾನೆಗಳಿಗೆ ಸಂಬಂಧಿಸಿದ್ದೆಂದು ತಿಳಿದಿದ್ದಾರೆ. 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅದು ಕಡ್ಡಾಯವಾದರೆ, ನಾಲ್ಕು ಜನರಿರುವ ಘಟಕವೂ ಇಷ್ಟಪಟ್ಟರೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬಹುದು. ಸ್ಟೈಪೆಂಡಿನ ಒಂದು ಭಾಗವನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2016ರಲ್ಲಿ ಆರಂಭವಾಯಿತು. ಡೆನ್ಮಾರ್ಕಿನ ನೆರವಿನೊಡನೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇಂದು ರಾಜ್ಯದ ಹಲವು ಜಿಲ್ಲೆಗಳಲ್ಲಿದೆ. ಅಲ್ಲಿ ಕಲಿತವರಿಗೆ ಬೇಡಿಕೆ ಎಂದೂ ಕಡಿಮೆಯಾಗಿಲ್ಲ. ಐಟಿಐಗಳ ಪಠ್ಯಕ್ರಮವನ್ನು ದೂರುವುದರ ಜೊತೆಗೆ, ಪಕ್ಕದ ಐಟಿಐಗೆ ವರ್ಷಕ್ಕೆ ನಾಲ್ಕು ದಿನ ಹೋಗಿ ನಮ್ಮ ಯಂತ್ರಗಳ ಬಗ್ಗೆ ಹೇಳಿಬರುವುದೂ ನಮ್ಮ ಕರ್ತವ್ಯ.

ಮೂರನೆಯದು ಮಹಿಳೆಯರು. ದುಡಿಯಬಲ್ಲ ಕೈಗಳು ಇನ್ನೂ ಧಾರಾಳವಾಗಿ ಇರುವುದು ಇಲ್ಲಿ. ರಾಜ್ಯದ ಸಿದ್ಧ ಉಡುಪು ಉದ್ಯಮ ಇದನ್ನು ಎಂದೋ ಕಂಡುಕೊಂಡಿದೆ. ಎಂಜಿನಿಯರಿಂಗ್, ವಿದ್ಯುನ್ಮಾನ, ಆಹಾರ ಸಂಸ್ಕರಣೆಯ ಸಣ್ಣ ಘಟಕಗಳು ಇನ್ನೂ ಹಿಂಜರಿಯುತ್ತಿವೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಒಂದು ಅಡ್ಡಿಯಾಗಿ ಉಳಿದಿಲ್ಲ. ಉಳಿದಿರುವ ಅಡ್ಡಿಗಳು ಶೌಚಾಲಯ, ಸುರಕ್ಷಿತ ವಸತಿ, ಮಗುವನ್ನು ಬಿಡಲು ಜಾಗ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು 50 ಜನರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಹದಿನೈದು ಜನರ ಘಟಕಕ್ಕೆ ಇದನ್ನು ಒಂಟಿಯಾಗಿ ನಡೆಸಲು ಆಗದು. ಆದರೆ ಒಂದು ಕೈಗಾರಿಕಾ ವಸಾಹತಿನ ಇಪ್ಪತ್ತು ಘಟಕಗಳು ಸೇರಿದರೆ ಒಂದು ಒಳ್ಳೆಯ ಕೇಂದ್ರ ನಡೆಸಬಹುದು.

ನಾಲ್ಕನೆಯದು ಯಂತ್ರ. ಯಾಂತ್ರೀಕರಣವೆಂದೊಡನೆ ಕೋಟಿ ರೂಪಾಯಿಯ ರೋಬಾಟ್ ಎಂದು ಬೆದರಬೇಕಿಲ್ಲ. ಭಾರ ಎತ್ತುವ ಹಾಯಿಸ್ಟ್, ಸರಿಯಾದ ಜಿಗ್, ಎರಡು ಯಂತ್ರಗಳನ್ನು ಒಬ್ಬನೇ ನೋಡಿಕೊಳ್ಳುವಂತಹ ಜೋಡಣೆ, ಇವೂ ಯಾಂತ್ರೀಕರಣವೇ. ಭಾರ ಹೊರುವ ಕೆಲಸ ತಪ್ಪಿದರೆ 50 ದಾಟಿದವರೂ ಮಹಿಳೆಯರೂ ಆ ಜಾಗದಲ್ಲಿ ಕೆಲಸ ಮಾಡಬಹುದು. ಚೀನಾದ ತಯಾರಕರು ಈ ಪಾಠವನ್ನು ಕೂಲಿ ಏರಿದ ಮೇಲೆ ಅವಸರದಲ್ಲಿ ಕಲಿತರು. ನಮಗೆ ನಿಧಾನವಾಗಿ ಕಲಿಯಲು ಇನ್ನೂ ಕಾಲವಿದೆ.

ವರ್ತಕರೂ ಈ ಲೆಕ್ಕದಿಂದ ಹೊರಗಿಲ್ಲ. ವಯೋರಚನೆ ಬದಲಾದಂತೆ ಅಂಗಡಿಯ ಕಪಾಟೂ ಬದಲಾಗಬೇಕಾಗುತ್ತದೆ. ಚೀನಾ ಸರ್ಕಾರ 2024ರ ಜನವರಿಯಲ್ಲಿ ಹಿರಿಯ ನಾಗರಿಕರಿಗೆ ಬೇಕಾದ ಸರಕು ಮತ್ತು ಸೇವೆಗಳ ಉದ್ಯಮವನ್ನು ಬೆಳೆಸಲೆಂದೇ ಆ ವರ್ಷದ ಮೊದಲ ಮಾರ್ಗಸೂಚಿಯನ್ನು ಹೊರಡಿಸಿತು. 2011ರಲ್ಲಿಯೇ ಕರ್ನಾಟಕದಲ್ಲಿ 60 ದಾಟಿದವರು ಶೇ. 9.5 ಇದ್ದರು, ದೇಶದ ಸರಾಸರಿಗಿಂತ ಇದು ಹೆಚ್ಚು. ಊರುಗೋಲು, ಗಾಲಿಕುರ್ಚಿ, ಜಾರದ ನೆಲಹಾಸು, ಸ್ನಾನದ ಮನೆಯ ಹಿಡಿಕೆ, ಸಕ್ಕರೆ ಕಡಿಮೆಯಿರುವ ತಿನಿಸು, ಮನೆಗೇ ಬರುವ ಆರೈಕೆ ಸೇವೆ, ಇವುಗಳ ಬೇಡಿಕೆ ಜಿಲ್ಲಾ ಕೇಂದ್ರಗಳಲ್ಲಿಯೂ ಬೆಳೆಯುತ್ತದೆ. ಇವುಗಳಲ್ಲಿ ಹಲವನ್ನು ತಯಾರಿಸಲು ದೊಡ್ಡ ಬಂಡವಾಳ ಬೇಕಿಲ್ಲ.

ಸಂಘ ಸಂಸ್ಥೆಗಳ ಹೊಣೆ

ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಸರ್ಕಾರಕ್ಕೆ ಸಲ್ಲಿಸುವ ಮನವಿಗಳಲ್ಲಿ ತೆರಿಗೆ, ವಿದ್ಯುತ್ ದರ, ಸಾಲದ ಬಡ್ಡಿ ಸದಾ ಮೊದಲ ಸ್ಥಾನದಲ್ಲಿರುತ್ತವೆ. ಅವು ಬೇಕಾದವೇ. ಅವುಗಳ ಜೊತೆಗೆ ಇನ್ನು ಮೂರು ಬೇಡಿಕೆಗಳು ಸೇರಬೇಕು: ಕೈಗಾರಿಕಾ ವಸಾಹತುಗಳಲ್ಲಿ ಕಾರ್ಮಿಕರಿಗೆ, ಅದರಲ್ಲೂ ಮಹಿಳೆಯರಿಗೆ ಬಾಡಿಗೆ ವಸತಿಗೃಹಗಳು, ಹಲವು ಘಟಕಗಳು ಸೇರಿ ನಡೆಸುವ ಶಿಶುಪಾಲನಾ ಕೇಂದ್ರಗಳಿಗೆ ಜಾಗ, ಹೊಸ ಜನಗಣತಿಯ ವಯೋವಾರು ಅಂಕಿಗಳು ತಾಲ್ಲೂಕು ಮಟ್ಟದಲ್ಲಿ ವಿಳಂಬವಿಲ್ಲದೆ ಉದ್ಯಮಗಳ ಕೈಸೇರುವಂತೆ ವ್ಯವಸ್ಥೆ. ವಲಸೆ ಕಾರ್ಮಿಕರನ್ನು ತಾತ್ಕಾಲಿಕ ಅತಿಥಿಗಳಂತೆ ಕಾಣುವುದನ್ನು ಬಿಟ್ಟು, ಅವರ ಮಕ್ಕಳು ಇಲ್ಲಿನ ಕನ್ನಡ ಶಾಲೆಗಳಲ್ಲಿ ಕಲಿತು ಈ ನಾಡಿನವರೇ ಆಗುವಂತೆ ನೋಡಿಕೊಳ್ಳುವುದೂ ಉದ್ಯಮದ ಹಿತವೇ ಆಗಿದೆ.

ಚೀನಾಕ್ಕೆ ದೊರೆತ ಅವಧಿಯನ್ನು ಅದು ಬಳಸಿಕೊಂಡಿತು. ಆದರೂ ಶ್ರೀಮಂತರಾಗುವ ಮೊದಲೇ ಮುದುಕರಾದೆವಲ್ಲ ಎಂಬ ಮಾತು ಇಂದು ಅಲ್ಲಿಯೇ ಕೇಳಿಬರುತ್ತಿದೆ. ನಮ್ಮ ವರಮಾನ ಅವರದಕ್ಕಿಂತ ಬಹಳ ಕೆಳಗಿದೆ, ನಮಗೂ ಸಿಕ್ಕಿರುವುದು ಅಷ್ಟೇ ಕಾಲ, ಕರ್ನಾಟಕದ ಪಾಲಿಗೆ ಅದಕ್ಕಿಂತಲೂ ಕಡಿಮೆ. 2036 ಎಂಬುದು ದೂರದ ವರ್ಷವೆಂದು ತೋರಬಹುದು. ಆದರೆ ಬ್ಯಾಂಕಿನಿಂದ ದೀರ್ಘಾವಧಿ ಸಾಲ ತೆಗೆದು ಇಂದು ಹೊಸ ಶೆಡ್ ಕಟ್ಟುವ ಉದ್ದಿಮೆದಾರನಿಗೆ ಅದು ಸಾಲದ ಕೊನೆಯ ಕಂತುಗಳು ತೀರುವ ಕಾಲ. ಆ ಶೆಡ್ಡಿನಲ್ಲಿ ಆಗ ಯಂತ್ರದ ಮುಂದೆ ನಿಲ್ಲುವವರು ಯಾರು ಎಂಬ ಪ್ರಶ್ನೆಯನ್ನು ನಕ್ಷೆ ಬರೆಸುವ ದಿನವೇ ಕೇಳಿಕೊಳ್ಳುವುದು ಒಳ್ಳೆಯದು.